ಸ್ಟ್ರೇಟ್ನರ್‌ನಲ್ಲೇ ಗುಂಗುರು, ಸಂಜೆವರೆಗೂ ನಿಲ್ಲುವಂತೆ

ಬೆಂಗಳೂರಿನ ಮಳೆಗಾಲದ ತೇವದ ಗಾಳಿಗೆ, ಸ್ಟ್ರೇಟ್ನರ್‌ನಲ್ಲಿ ಮಾಡಿದ ಗುಂಗುರು ಮೆಟ್ರೋ ಹತ್ತುವಷ್ಟರಲ್ಲೇ ಬಿಚ್ಚಿಹೋಗುತ್ತಿತ್ತು. ಈಗ ನಿಲ್ಲುತ್ತಿದೆ. ಗುಟ್ಟು ಇರುವುದು ಬಿಸಿಯಾದ ಕೂದಲು ತಣ್ಣಗಾಗುವುದರಲ್ಲಿ. ಬಿಸಿಗೆ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ತಣ್ಣಗಾಗುವಾಗ ಆ ಹೊತ್ತಿನ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಬಿಸಿ ಇರುವಾಗಲೇ ಸುರುಳಿ ಸುತ್ತಿ, ಕ್ಲಿಪ್ ಹಾಕಿ, ಪೂರ್ತಿ ಆರಲು ಬಿಡುತ್ತೇನೆ. ಇದೊಂದಕ್ಕೆ ಮಾತ್ರ ಅವಸರ ಮಾಡಬೇಡಿ.

ಉಳಿದದ್ದು ಸುಲಭ. ಕೂದಲು ಚೆನ್ನಾಗಿ ಒಣಗಿರಬೇಕು, ಬಿಸಿಯಿಂದ ಕೂದಲನ್ನು ಕಾಪಾಡುವ ಹೀಟ್ ಪ್ರೊಟೆಕ್ಟಂಟ್ ಹಚ್ಚಿರಬೇಕು. ನನ್ನ ತೆಳು ಕೂದಲಿಗೆ 160 ಡಿಗ್ರಿ ಸೆಲ್ಸಿಯಸ್ ಸಾಕು. ಎರಡು ಬೆರಳಗಲದಷ್ಟು ಕೂದಲು ತೆಗೆದುಕೊಂಡು, ಕಿವಿಯ ಮಟ್ಟದಲ್ಲಿ ಸ್ಟ್ರೇಟ್ನರನ್ನು ಅರ್ಧ ಸುತ್ತು ತಿರುಗಿಸಿ, ಎಲ್ಲೂ ನಿಲ್ಲಿಸದೆ ನಿಧಾನವಾಗಿ ತುದಿವರೆಗೆ ಎಳೆಯಿರಿ. ಜಾಸ್ತಿ ಒತ್ತಿದರೆ ಗೆರೆ ಬೀಳುತ್ತದೆ. ಆರಿದ ಮೇಲೆ ಬಾಚಣಿಗೆ ಬೇಡ, ಬೆರಳಲ್ಲೇ ಬಿಡಿಸಿ.