ಮನೆಯಲ್ಲಿ ಅಡ್ವೆಂಟ್ ಚಕ್ರ: ನಾಲ್ಕು ಬತ್ತಿ, ನಾಲ್ಕು ಭಾನುವಾರ

ಡಿಸೆಂಬರ್ ಶುರುವಾಗುತ್ತಲೇ ನಕ್ಷತ್ರ ಕಟ್ಟಿ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡಿ, ಕ್ಯಾರಲ್ ಹಾಡಿ ಮುಗಿಸಿದ ಮನೆಗಳಲ್ಲಿ 25ನೇ ತಾರೀಕಿನ ಹೊತ್ತಿಗೆ ಕ್ರಿಸ್ಮಸ್ ಹಬ್ಬವೇ ಹಳತಾಗಿರುತ್ತದೆ. ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ (ಅಡ್ವೆಂಟ್) ಇರುವುದು ಕಾಯಲಿಕ್ಕೆ: ಬೆತ್ಲೆಹೇಮಿನಲ್ಲಿ ಹುಟ್ಟಿದ ಯೇಸುಸ್ವಾಮಿಯ ಜನನೋತ್ಸವಕ್ಕೆ, ಜೊತೆಗೆ ಅವರ ಪುನರಾಗಮನಕ್ಕೆ. ಮನೆಯ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮೇಜಿನ ಮೇಲೆ ಅಡ್ವೆಂಟ್ ಚಕ್ರ ಇಟ್ಟು, ಅದರ ನಾಲ್ಕು ಬತ್ತಿಗಳನ್ನು ವಾರಕ್ಕೊಂದರಂತೆ ಹಚ್ಚುತ್ತ ತೋರಿಸುವುದು ಒಳ್ಳೆಯದು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಚ್ ವಿಚರ್ನ್ ಎಂಬ ಲೂಥರನ್ ಪಾದ್ರಿ ತಾವು ಸಾಕುತ್ತಿದ್ದ ಬಡ ಮಕ್ಕಳಿಗಾಗಿ ಒಂದು ಗಾಡಿಚಕ್ರದ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿದ್ದು ಇದಕ್ಕಾಗಿಯೇ.

ಮೊದಲು ತಾರೀಕು. ಡಿಸೆಂಬರ್ 25ರಿಂದ ಹಿಂದಕ್ಕೆ ನಾಲ್ಕು ಭಾನುವಾರ ಎಣಿಸಿ. ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಹತ್ತಿರದ ಭಾನುವಾರವೇ ಸಿಗುತ್ತದೆ. 2026ರಲ್ಲಿ ಅದು ನವೆಂಬರ್ 29. ಅಂಗಡಿಯ ಚಾಕೊಲೇಟ್ ಕ್ಯಾಲೆಂಡರ್‌ಗಳು ಡಿಸೆಂಬರ್ 1ರಿಂದ ಶುರುವಾಗುತ್ತವೆ. ಅವನ್ನು ನಂಬಿ ಮೊದಲ ಭಾನುವಾರ ತಪ್ಪಿಸಿಕೊಳ್ಳಬೇಡಿ.

ಚಕ್ರದ ತಳಕ್ಕೆ ಅಗಲವಾದ ಹಿತ್ತಾಳೆ ಹರಿವಾಣ, ಸುತ್ತ ಇಡಲು ಗಾಳಿಮರದ ಎಳೆಯ ಕೊಂಬೆ. ಅಷ್ಟೇ ಸಾಕು. ಪ್ಲಾಸ್ಟಿಕ್ ಹಸಿರು ಬೇಡವೇ ಬೇಡ, ಬೆಂಕಿಯ ಪಕ್ಕದಲ್ಲಿ ಅದು ಕರಗಿ ಹೊಗೆಯಾಡುತ್ತದೆ.

ಎಲ್ಲರೂ ಎಡವುವುದು ಬತ್ತಿ ನಿಲ್ಲಿಸುವಲ್ಲಿ. ಮೂರು ನೇರಳೆ, ಒಂದು ಗುಲಾಬಿ ಬಣ್ಣದವು ಬೇಕು. ಸಿಗದಿದ್ದರೆ ಬಿಳಿಯದಕ್ಕೇ ಬುಡದಲ್ಲಿ ಆಯಾ ಬಣ್ಣದ ರಿಬ್ಬನ್ ಕಟ್ಟಿ. ಹೊರಮೈಗೆ ಮಾತ್ರ ಬಣ್ಣ ಬಳಿದ ಅಗ್ಗದ ಬತ್ತಿಗಳು ಸಿಪ್ಪೆ ಏಳುತ್ತವೆ, ಅವಕ್ಕಿಂತ ಬಿಳಿಯದೇ ವಾಸಿ. ಕರೆಂಟು ಹೋದಾಗ ಹಚ್ಚುವ ಸಣಕಲು ಬತ್ತಿ ಎರಡನೇ ವಾರಕ್ಕೇ ಮುಗಿದುಹೋಗುತ್ತದೆ. ಹೆಬ್ಬೆರಳಿಗಿಂತ ದಪ್ಪದ್ದು ತನ್ನಿ. ಕರಗಿದ ಮೇಣ ಸುರಿದು ಅಂಟಿಸುವವರೇ ಹೆಚ್ಚು. ಆದರೆ ನುಣುಪಾದ ಲೋಹಕ್ಕೆ ಮೇಣದ ಹಿಡಿತ ಸಾಲದು, ಕೈ ತಾಗಿದರೆ ಬತ್ತಿ ಉರುಳುತ್ತದೆ. ನಾಲ್ಕು ಗಿಡ್ಡ ಸ್ಟೀಲ್ ಲೋಟಗಳಲ್ಲಿ ಒದ್ದೆ ಮರಳು ತುಂಬಿ, ಬತ್ತಿಯನ್ನು ಎರಡು ಬೆರಳಿನಷ್ಟು ಆಳಕ್ಕೆ ಇಳಿಸಿ, ಸುತ್ತಲೂ ಒತ್ತಿ ಗಟ್ಟಿ ಮಾಡಿ. ಆಮೇಲೆ ಲೋಟ ಮರೆಯಾಗುವ ಹಾಗೆ ಕೊಂಬೆ ಜೋಡಿಸಿ. ಹಸಿರು ಲೋಟದ ಬಾಯಿಗಿಂತ ಮೇಲೆ ಬರಬಾರದು. ದಿನಕ್ಕೊಮ್ಮೆ ನೀರು ಚಿಮುಕಿಸಿ, ಮುಟ್ಟಿದರೆ ಉದುರುವಷ್ಟು ಒಣಗಿದ ಕೊಂಬೆಯನ್ನು ಅಂದೇ ತೆಗೆದುಹಾಕಿ. ಉರಿಯುವಾಗ ಫ್ಯಾನ್ ಆರಿಸಿ, ಪ್ರಾರ್ಥನೆ ಮುಗಿದೊಡನೆ ಬತ್ತಿಯನ್ನೂ ಆರಿಸಿ.

ಹಚ್ಚುವಾಗ ಮೊದಲ ವಾರ ಒಂದು, ಎರಡನೇ ವಾರ ಅದರ ಜೊತೆ ಇನ್ನೊಂದು, ಹೀಗೆ. ಮೊದಲನೆಯದು ಕರಗಿ ಗಿಡ್ಡವಾಯಿತೆಂದು ಹೊಸದನ್ನು ಇಡಬೇಡಿ. ಕಾದ ವಾರಗಳ ಲೆಕ್ಕ ಆ ಏರಿಳಿತದಲ್ಲೇ ಇದೆ. ಗುಲಾಬಿ ಬತ್ತಿ ಚೆಂದವೆಂದು ಕೊನೆಗೆ ಉಳಿಸಿಕೊಳ್ಳುವುದೂ ತಪ್ಪು. ಅದು ಮೂರನೇ ಭಾನುವಾರದ್ದು. ಅಂದಿನ ಚರ್ಚಿನ ಬಲಿಪೂಜೆ (ಮಾಸ್) ‘ಪ್ರಭುವಿನಲ್ಲಿ ಸದಾ ಸಂತೋಷಪಡಿ’ ಎಂಬ ಸಂತ ಪೌಲರ ಮಾತಿನಿಂದ ತೊಡಗುತ್ತದೆ, ಗುರುಗಳು ನೇರಳೆಯ ಬದಲು ಗುಲಾಬಿ ವಸ್ತ್ರ ತೊಡುವುದೂ ಉಂಟು.

ಬತ್ತಿ ಹಚ್ಚಿ ಫೋಟೊ ತೆಗೆದು ಎದ್ದುಬಿಡಬೇಡಿ, ಆ ಭಾನುವಾರದ ಶುಭಸಂದೇಶವನ್ನು (ಬೈಬಲಿನ ಸುವಾರ್ತೆಯ ಭಾಗ) ಗಟ್ಟಿಯಾಗಿ ಓದಿ. ಮೊದಲ ವಾರ ಎಚ್ಚರವಾಗಿರಿ ಎಂಬ ಕರೆ, ನಡುವಿನ ಎರಡು ವಾರ ಯೇಸುವಿಗೆ ದಾರಿ ಸಿದ್ಧಮಾಡಿದ ಸ್ನಾನಿಕ ಯೊವಾನ್ನ, ನಾಲ್ಕನೆಯದು ಮಾತೆ ಮರಿಯ ಮತ್ತು ಜೋಸೆಫರ ಪ್ರಸಂಗಗಳು. ಓದುವ ಕೆಲಸ ಮನೆಯ ಕಿರಿಯರಿಗೇ ಕೊಡಿ, ತಡವರಿಸಿದರೂ ಪರವಾಗಿಲ್ಲ.

ಗೋದಲಿ ಕಟ್ಟಲು ಡಿಸೆಂಬರ್ 17 ಸರಿಯಾದ ದಿನ. ಅಂದಿನಿಂದ 23ರವರೆಗೆ ಚರ್ಚಿನ ಸಂಜೆಯ ಪ್ರಾರ್ಥನೆಯಲ್ಲಿ ಕ್ರಿಸ್ತರನ್ನು ಜ್ಞಾನವೇ, ದಾವೀದನ ಕೀಲಿಕೈಯೇ, ಉದಯಸೂರ್ಯನೇ, ಇಮ್ಮಾನುವೇಲನೇ ಎಂದೆಲ್ಲ ದಿನಕ್ಕೊಂದು ಹೆಸರಿನಿಂದ ಕರೆಯುತ್ತಾರೆ. ಊಟಕ್ಕೆ ಮುಂಚೆ ಆ ದಿನದ ಹೆಸರನ್ನು ಮನೆಯಲ್ಲೂ ಹೇಳಿ. ಬಾಲಯೇಸುವಿನ ಜಾಗ 24ರ ರಾತ್ರಿಯವರೆಗೂ ಖಾಲಿ ಇರಲಿ.

ಆ ರಾತ್ರಿ ಹರಿವಾಣದ ನಡುವೆ ಬಿಳಿ ಬತ್ತಿ ಇಟ್ಟು ಹಚ್ಚಿ. ನೇರಳೆಯವನ್ನು ತೆಗೆದಿಟ್ಟು, ಕೊಂಬೆ ಹೊಸದಾಗಿ ಹಾಕಿದರೆ ಅದೇ ಚಕ್ರ ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ನಡೆಯುತ್ತದೆ.