ನೌಕರಿ ಹುಡುಕುವವರಿಗೊಂದು ರಿಜಿಸ್ಟರ್

ಹುಬ್ಬಳ್ಳಿಯ ತಾರಿಹಾಳದ ಕಾರ್ಖಾನೆಯಿಂದ ಎಚ್‌ಆರ್ ಫೋನ್ ಬಂದಾಗ ‘ಯಾವ ಕಂಪನಿ ಸರ್?’ ಎಂದು ಕೇಳಿದರೆ ಅರ್ಧ ಸಂದರ್ಶನ ಅಲ್ಲೇ ಮುಗಿದಂತೆ. ಮೂವತ್ತು ಕಡೆ ಅರ್ಜಿ ಹಾಕಿದವರಿಗೆ ಯಾವುದೂ ನೆನಪಿರುವುದಿಲ್ಲ, ಅದು ಸಹಜ. ಆದ್ದರಿಂದ ನೆನಪಿನ ಕೆಲಸವನ್ನು ಕಾಗದಕ್ಕೆ ಒಪ್ಪಿಸಬೇಕು.

ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ಆದೀತು, ಮೊಬೈಲಿನ ಗೂಗಲ್ ಶೀಟ್ ಆದರೂ ಆದೀತು. ಎರಡನ್ನೂ ಇಟ್ಟರೆ ವಾರದೊಳಗೆ ಒಂದು ಹಿಂದೆ ಬೀಳುತ್ತದೆ, ಹಾಗಾಗಿ ಒಂದನ್ನೇ ಆರಿಸಿಕೊಳ್ಳಿ. ಪ್ರತಿ ಅರ್ಜಿಗೆ ಒಂದು ಸಾಲು. ಉದಾಹರಣೆಗೆ: ‘ಜೂನ್ 9, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಕ್ವಾಲಿಟಿ ಇನ್‌ಸ್ಪೆಕ್ಟರ್, ತಿಳಿಸಿದವರು ಕಾಲೇಜು ಸೀನಿಯರ್, ರೆಸ್ಯೂಮೆ ‘ಬಿ’, ಕೇಳಿದ ಸಂಬಳ ಕೈಗೆ 22,000, ಮುಂದಿನ ಕೆಲಸ: ಜೂನ್ 18ಕ್ಕೆ ಫೋನ್.’ ಕಂಪನಿಯ ಹೆಸರು, ಮಾತಾಡಿದವರ ಹೆಸರು ಮತ್ತು ನಂಬರ್ ಕೂಡ ಇದೇ ಸಾಲಿನಲ್ಲಿರಲಿ. ನಂಬರನ್ನು ಮೊಬೈಲಿನಲ್ಲೂ ಕಂಪನಿ ಹೆಸರಿನಲ್ಲೇ ಸೇವ್ ಮಾಡಿ.

ಸಂಬಳದ ಕಾಲಮ್ಮನ್ನು ಹಲವರು ಬಿಟ್ಟುಬಿಡುತ್ತಾರೆ. ಮೊದಲ ಸುತ್ತಿನಲ್ಲಿ 22,000 ಹೇಳಿ ಎರಡನೇ ಸುತ್ತಿನಲ್ಲಿ 26,000 ಎಂದರೆ ನಂಬಿಕೆ ಹೋಗುತ್ತದೆ. ಹೇಳಿದ ಅಂಕಿ ಕೈಗೆ ಬರುವ ಹಣವೋ ಸಿಟಿಸಿಯೋ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂಬುದನ್ನೂ ಬರೆಯಿರಿ. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಸಿಟಿಸಿಯಲ್ಲಿ ಸೇರಿಸುವುದರಿಂದ ಎರಡಕ್ಕೂ ದೊಡ್ಡ ಅಂತರವಿರುತ್ತದೆ.

ಇಡೀ ರಿಜಿಸ್ಟರಿನ ಜೀವ ಇರುವುದು ‘ಮುಂದಿನ ಕೆಲಸ’ ಎಂಬ ಕಾಲಮ್ಮಿನಲ್ಲಿ. ಅದು ಎಂದೂ ಖಾಲಿ ಇರಬಾರದು. ಅರ್ಜಿ ಹಾಕಿ ಏಳು ಕೆಲಸದ ದಿನಗಳಾದ ಮೇಲೆ ಒಂದು ಫೋನ್ ಅಥವಾ ಮೇಲ್, ಮತ್ತೊಂದು ವಾರಕ್ಕೆ ಕೊನೆಯದೊಂದು. ಆಮೇಲೂ ಉತ್ತರ ಬಾರದಿದ್ದರೆ ‘ಮುಗಿಯಿತು’ ಎಂದು ಬರೆದು ಮುಂದೆ ಹೋಗಿ. ದಿನಾ ಫೋನ್ ಮಾಡಿ ಪೀಡಿಸುವುದರಿಂದ ಕೆಲಸ ಕೆಡುತ್ತದೆ.

ಜಾಹೀರಾತಿನ ಸ್ಕ್ರೀನ್‌ಶಾಟ್ ಅದೇ ದಿನ ತೆಗೆದಿಡಿ. ಕೊನೆಯ ದಿನಾಂಕ ಮುಗಿದ ಮೇಲೆ ಅದು ಜಾಲತಾಣದಿಂದ ಮಾಯವಾಗಬಹುದು. ಸಂದರ್ಶನದ ಕರೆ ಬಂದಾಗ ಅವರು ಕೇಳಿದ್ದೇನು ಎಂದು ನೋಡಲು ಏನೂ ಉಳಿದಿರುವುದಿಲ್ಲ. ರೆಸ್ಯೂಮೆ ‘ಎ’, ‘ಬಿ’, ‘ಸಿ’ ಎಂದು ಎರಡು ಮೂರು ಬಗೆ ಸಾಕು, ಪಿಡಿಎಫ್‌ನಲ್ಲಿರಲಿ. ಫೈಲಿಗೆ ನಿಮ್ಮ ಹೆಸರು, ಹುದ್ದೆ, ತಿಂಗಳು ಸೇರಿಸಿ ಹೆಸರಿಡಿ. ‘ಫೈನಲ್’, ‘ಫೈನಲ್ 2’ ಎಂದಿಟ್ಟರೆ ಹಳೆಯದೇ ಹೋಗುವುದು ಖಂಡಿತ.

ನಮ್ಮ ಕಡೆ ಅರ್ಜಿ ಕೆಡುವ ಇನ್ನೊಂದು ಜಾಗ ಇಂಟರ್‌ನೆಟ್ ಸೆಂಟರ್. ಅವಸರದಲ್ಲಿ ಅಂಗಡಿಯವರ ಇಮೇಲ್, ಅವರದೇ ಮೊಬೈಲ್ ನಂಬರ್ ಹಾಕಿ ಅರ್ಜಿ ತುಂಬಿಸಿಬಿಡುತ್ತಾರೆ. ಪ್ರವೇಶಪತ್ರದ ಸಂದೇಶ, ಒಟಿಪಿ, ಪಾಸ್‌ವರ್ಡ್ ಎಲ್ಲವೂ ಅಲ್ಲಿಗೇ ಹೋಗುತ್ತವೆ. ನೌಕರಿಗೆಂದೇ ಒಂದು ಇಮೇಲ್ ತೆರೆಯಿರಿ. ಹುಡುಕಾಟ ಮುಗಿಯುವವರೆಗೆ ಸಿಮ್ ಬದಲಿಸಬೇಡಿ. ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಮ್ಮೆ ತೆರೆದು ನೋಡಿ.

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಹೋಗುತ್ತ ಖಾಸಗಿ ಕೆಲಸವನ್ನೂ ಹುಡುಕುವವರು ಸರ್ಕಾರಿ ಹುದ್ದೆಗಳಿಗೆ ಬೇರೆ ಪುಟ ಇಡಬೇಕು. ಇಲ್ಲಿ ಫೋನ್ ಮಾಡಿ ವಿಚಾರಿಸುವುದಿಲ್ಲ, ದಿನಾಂಕವೇ ಎಲ್ಲ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿಯುವ ದಿನವನ್ನು ಪುಟದ ತಲೆಗೇ ಬರೆಯಿರಿ. ಗ್ರಾಮೀಣ ಮೀಸಲಾತಿ ಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಏಪ್ರಿಲ್–ಮೇ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದು ಕಷ್ಟ, ಅಧಿಸೂಚನೆ ಬರುವ ಮೊದಲೇ ಮಾಡಿಸಿಡಿ. ಬ್ಯಾಂಕ್ ಪರೀಕ್ಷೆಯ ಐಬಿಪಿಎಸ್ ಅರ್ಜಿಗೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕು. ಆ ಅಳತೆಗೆ ಇಳಿಸಿದ ಫೈಲ್‌ಗಳು ಒಂದೇ ಫೋಲ್ಡರಿನಲ್ಲಿ ಸಿದ್ಧವಿದ್ದರೆ ಕೊನೆಯ ರಾತ್ರಿ ಸರ್ವರ್ ಜೊತೆ ಗುದ್ದಾಡುವುದು ತಪ್ಪುತ್ತದೆ.

ಸಂದರ್ಶನದ ದಿನ ಗೊತ್ತಾದ ಕೂಡಲೇ ದಾರಿಯನ್ನೂ ಬರೆದುಕೊಳ್ಳಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಧಾರವಾಡ ಮುಟ್ಟಿಸುತ್ತದೆ, ಆದರೆ ಬೇಲೂರು ಕೈಗಾರಿಕಾ ಪ್ರದೇಶ ಅಲ್ಲಿಂದ ಮುಂದೆ ಬೆಳಗಾವಿ ರಸ್ತೆಯಲ್ಲಿದೆ, ಇನ್ನೊಂದು ಬಸ್ಸೋ ಆಟೊವೋ ಬೇಕೇ ಬೇಕು. ಅದೇ ದಿನ ತಾರಿಹಾಳದಲ್ಲೂ ಸಂದರ್ಶನ ಒಪ್ಪಿಕೊಳ್ಳಬೇಡಿ, ಒಂದು ಅವಳಿ ನಗರದ ಈ ತುದಿ, ಇನ್ನೊಂದು ಆ ತುದಿ. ಮೂಲ ಅಂಕಪಟ್ಟಿ ತೋರಿಸಲು ಮಾತ್ರ, ಬಿಟ್ಟು ಬರುವುದಕ್ಕೆ ಎರಡು ಸೆಟ್ ಝೆರಾಕ್ಸ್. ‘ರಿಜಿಸ್ಟ್ರೇಷನ್’, ‘ಟ್ರೇನಿಂಗ್ ಡಿಪಾಸಿಟ್’ ಎಂದು ಹಣ ಕೇಳಿದರೆ ಕೊಡಬೇಡಿ. ಆನ್‌ಲೈನ್‌ನಲ್ಲಿ ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗಾಗಲೇ ಕೆಲಸದಲ್ಲಿರುವವರು ಮೂರು ತಿಂಗಳ ಸಂಬಳ ಚೀಟಿ, ಪಿಎಫ್‌ನ 12 ಅಂಕಿಯ ಯುಎಎನ್ ನಂಬರ್, ನೋಟಿಸ್ ಅವಧಿ ಎಷ್ಟೆಂಬ ವಿವರ ಇವನ್ನು ರಿಜಿಸ್ಟರಿನ ಹಿಂಬದಿ ಪುಟದಲ್ಲಿಡಲಿ. ಸೇರುವ ದಿನಾಂಕ ಇರುವ ಆಫರ್ ಲೆಟರ್ ಬರುವ ಮೊದಲು ರಾಜೀನಾಮೆ ಬೇಡ, ಉಳಿದ ಸಾಲುಗಳಿಗೆ ಗೆರೆ ಎಳೆಯುವುದೂ ಬೇಡ. ಆಫರ್ ಒಪ್ಪಿಕೊಂಡ ಮೇಲೆ, ಇನ್ನೂ ಸುತ್ತುಗಳು ಬಾಕಿ ಇರುವ ಕಂಪನಿಗಳಿಗೆ ಎರಡು ಸಾಲಿನ ಮೇಲ್ ಕಳಿಸಿ ಅರ್ಜಿ ಹಿಂಪಡೆಯಿರಿ.