ಗ್ರೀಕ್ ದೇವರುಗಳನ್ನು ಪಟ್ಟಿಯಿಲ್ಲದೆ ಕಲಿಸುವುದು

ಪೊಸೈಡಾನ್‌ಗೆ ಸಮುದ್ರ, ಏರಿಸ್‌ಗೆ ಯುದ್ಧ, ಅಥೀನಾಗೆ ಜ್ಞಾನ ಎಂಬ ‘ಹೊಂದಿಸಿ ಬರೆಯಿರಿ’ ಪಟ್ಟಿಯನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ. ಅದು ಸುಳ್ಳೇನಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿದವರಿಗೆ, ಕಷ್ಟ ಬಂದಾಗ ಗ್ರೀಕರು ಯಾರ ಮೊರೆಹೋಗುತ್ತಿದ್ದರು ಎಂಬುದು ತಿಳಿಯುವುದಿಲ್ಲ. ಹಾಗಾಗಿ ನನ್ನ ತರಗತಿ ಶುರುವಾಗುವುದು ಕೈಯಲ್ಲಿ ಕಾಸಿಲ್ಲದ ಒಬ್ಬ ಸೇನಾನಿಯಿಂದ.

ಅವನು ಅಥೆನ್ಸಿನ ಸೆನೊಫೋನ್. ಪರ್ಷಿಯಾದ ದಂಡಯಾತ್ರೆಯಿಂದ ಜೀವ ಉಳಿಸಿಕೊಂಡು ಬಂದು, ಊರಿಗೆ ಹೋಗಲು ದುಡ್ಡಿಲ್ಲದೆ ಕುದುರೆಯನ್ನೇ ಮಾರಿದ್ದ. ದಾರಿಯುದ್ದಕ್ಕೂ ‘ರಾಜ’ ಜ್ಯೂಸ್‌ಗೆ ಬಲಿ ಕೊಟ್ಟವನೇ. ಆದರೆ ಪರಿಚಯದ ಕಣಿಗಾರನೊಬ್ಬ ಹೇಳಿದ್ದು ಬೇರೆ: ಅಡ್ಡ ನಿಂತಿರುವವನು ಜ್ಯೂಸ್ ಮೈಲಿಖಿಯೋಸ್, ಅವನಿಗೆ ನೀನು ಏನೂ ಸಲ್ಲಿಸಿಲ್ಲ. ಮರುದಿನ ಸೆನೊಫೋನ್ ಹಂದಿಗಳನ್ನು ಇಡಿಯಾಗಿ ಸುಟ್ಟು ಅರ್ಪಿಸಿದ. ಅದೇ ದಿನ ಸೈನ್ಯಕ್ಕೆ ಹಣ ಬಂತು, ಕುದುರೆಯೂ ವಾಪಸಾಯಿತು. ಇದನ್ನು ಅವನೇ ಬರೆದಿಟ್ಟಿದ್ದಾನೆ.

ಇಲ್ಲಿ ಹುಡುಗರು ಗೊಂದಲಕ್ಕೆ ಬೀಳುತ್ತಾರೆ, ಬೀಳಲಿ. ಜ್ಯೂಸ್ ಒಬ್ಬನೇ ತಾನೇ? ಹೌದು, ಆದರೂ ಅವನ ಒಂದು ರೂಪಕ್ಕೆ ಸಲ್ಲಿಸಿದ್ದು ಇನ್ನೊಂದು ರೂಪಕ್ಕೆ ಮುಟ್ಟುವುದಿಲ್ಲ. ಸಿಡಿಲಿನ ದೊರೆಯೇ ಅಂಗಳದಲ್ಲಿ ಹೆರ್ಕೆಯೋಸ್, ಉಗ್ರಾಣದಲ್ಲಿ ಕ್ಟೇಸಿಯೋಸ್, ಅತಿಥಿ ಬಂದರೆ ಕ್ಸೇನಿಯೋಸ್. ಅಥೆನ್ಸಿನಲ್ಲಿ ಆರ್ಕನ್ ಎಂಬ ಉನ್ನತ ಅಧಿಕಾರಿಯ ಹುದ್ದೆಗೆ ಬಂದವನನ್ನು ಪರೀಕ್ಷಿಸುವಾಗ ತಂದೆತಾಯಿಯ ವಿವರದ ಜತೆಗೇ, ನಿನ್ನ ಕುಲದೇವರಾದ ಅಪೊಲೋ ಪತ್ರೋಸ್ ಎಲ್ಲಿ, ಜ್ಯೂಸ್ ಹೆರ್ಕೆಯೋಸ್ ಎಲ್ಲಿ ಎಂದು ಕೇಳುತ್ತಿದ್ದರು. ‘ನಿಮ್ಮ ಮನೆದೇವರು ಯಾವುದು?’ ಎಂಬ ಪ್ರಶ್ನೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಮೇಲೆ ಒಂದು ವಸ್ತುವನ್ನು ಮುಂದಿಡುತ್ತೇನೆ: ಕುದುರೆ. ಅದರ ಕೆನೆತ, ಕೆರಳುವಿಕೆ, ಓಟವೆಲ್ಲ ಪೊಸೈಡಾನನದು. ಕಡಿವಾಣ ಮಾತ್ರ ಅಥೀನಾಳದು; ಕೊರಿಂಥಿನಲ್ಲಿ ಆ ಹೆಸರಿನಲ್ಲೇ ಅವಳಿಗೆ ಗುಡಿಯಿತ್ತು. ಹಡಗಿಗೂ ಹೀಗೇ: ಅಲೆ ಅವನದು, ಹಡಗು ಕಟ್ಟುವ ಜಾಣ್ಮೆ ಅವಳದು. ಕ್ನಿಡಸ್ ಎಂಬ ಬಂದರು ಪಟ್ಟಣದವರಿಗೆ ಸುಖಪ್ರಯಾಣ ಕೊಡುವವಳು ಪ್ರೇಮದೇವತೆ ಅಫ್ರೊಡೈಟಿ, ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಇನ್ನು ಭೂಮಿ ನಡುಗಿದರೆ ಮತ್ತೆ ಪೊಸೈಡಾನನೇ. ಕ್ರಿ.ಪೂ. 388ರ ಸುಮಾರಿಗೆ ಆರ್ಗೋಸ್‌ನ ನೆಲದಲ್ಲಿ ಬೀಡುಬಿಟ್ಟಿದ್ದ ಸ್ಪಾರ್ಟಾದ ಸೈನ್ಯಕ್ಕೆ ಭೂಕಂಪದ ಅನುಭವವಾದಾಗ, ಅವರೆಲ್ಲ ಒಟ್ಟಾಗಿ ಹಾಡಿದ್ದು ಅವನ ಸ್ತುತಿಯನ್ನೇ.

ಏರಿಸ್ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ಅವನಿಗೆ ಗುಡಿಗಳೇ ಕಡಿಮೆ.

ಕೊನೆಯ ಅರ್ಧ ಗಂಟೆ ಗ್ರೀಕರು ಕಣಿ ಕೇಳಲು ಹೋಗುತ್ತಿದ್ದ ಡೊಡೋನಾಗೆ ಮೀಸಲು. ಅಲ್ಲಿನ ಜ್ಯೂಸ್ ಕ್ಷೇತ್ರದಲ್ಲಿ ಸೀಸದ ತಗಡುಗಳ ಮೇಲೆ ಬರೆದ ಪ್ರಶ್ನೆಗಳು ಸಿಕ್ಕಿವೆ. ತಮ್ಮೊಳಗೆ ಒಗ್ಗಟ್ಟು ಮೂಡಲು ಯಾವ ದೇವರಿಗೆ, ಯಾವ ವೀರನಿಗೆ ಬಲಿ ಕೊಡಬೇಕೆಂದು ಕೊರ್ಸೈರಾ ದ್ವೀಪದವರು ಕೇಳಿದ್ದಾರೆ. ಅಂದರೆ ಯಾರನ್ನು ಕರೆಯಬೇಕೆಂಬುದು ಗ್ರೀಕರಿಗೂ ಕೇಳಿ ತಿಳಿಯಬೇಕಾದ ಸಂಗತಿಯೇ ಆಗಿತ್ತು. ನನ್ನ ವಿದ್ಯಾರ್ಥಿಗಳೂ ಒಂದೊಂದು ಕಷ್ಟವನ್ನು ಚೀಟಿಯಲ್ಲಿ ಬರೆದು ಬದಲಾಯಿಸಿಕೊಳ್ಳುತ್ತಾರೆ. ಉತ್ತರದಲ್ಲಿ ದೇವರ ಹೆಸರಷ್ಟೇ ಸಾಲದು, ಯಾವ ರೂಪ, ಯಾಕೆ ಎಂಬುದೂ ಬೇಕು. ಜಗಳ ಹೆಚ್ಚಾಗಿ ಹುಟ್ಟುವುದು ಮದುವೆಯ ಚೀಟಿಗೆ. ಒಂದು ಗುಂಪು ಮದುವೆಯ ದೇವತೆ ಹೇರಾ ಅನ್ನುತ್ತದೆ, ಇನ್ನೊಂದು ಅಫ್ರೊಡೈಟಿ. ಮದುವೆಗೆ ಮುಂಚೆ ಹುಡುಗಿ ತನ್ನ ಆಟಿಕೆಗಳನ್ನು ಒಪ್ಪಿಸುತ್ತಿದ್ದದ್ದು, ಮುಂದೆ ಹೆರಿಗೆ ನೋವಿನಲ್ಲಿ ಕೂಗುತ್ತಿದ್ದದ್ದು ಮದುವೆಯೇ ಆಗದ ಆರ್ಟೆಮಿಸ್‌ಳನ್ನು ಎಂದು ನಾನು ನಡುವೆ ಬಾಯಿಹಾಕಿದರೆ, ವಾದ ಮತ್ತೆ ಮೊದಲಿನಿಂದ ಶುರು.